ಗರುಡನ ಪ್ರಯಾಣದಲ್ಲಿ ನಿಲುಗಡೆ ಇಲ್ಲ

ನಮ್ಮ ಕಂಪನಿಯಲ್ಲಿ ಜೀವವಿರುವ ಸರಕಿಗೆಂದೇ ಒಂದು ಫಾರಂ ಇದೆ. ಅದರ ಮೂರನೆಯ ಪುಟದಲ್ಲಿ ‘ದಾರಿಯಲ್ಲಿ ನಿಲುಗಡೆ’ ಎಂಬ ಕಾಲಂ. ಎಲ್ಲಿ ನಿಲ್ಲಿಸಿದಿರಿ, ಎಷ್ಟು ಹೊತ್ತು, ಯಾಕೆ ಎಂದು ಬರೆಯಬೇಕು. ನಿಲ್ಲಿಸದಿದ್ದರೆ ‘ಇಲ್ಲ’ ಎಂದು ಬರೆದು ಸಹಿ ಹಾಕಬೇಕು. ಆ ಕಾಲಂ ಬೇಕೇ ಬೇಕೆಂದು ನಾರ್ತ್ ಸಿಡ್ನಿಯ ಹೆಡ್ ಆಫೀಸಿನವರ ಜೊತೆ ಎರಡು ಮೀಟಿಂಗ್ ಪೂರ್ತಿ ಜಗಳವಾಡಿ ಸೇರಿಸಿದವನು ನಾನು. ಅದರಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದ ಮೊದಲ ಮಹಾಪುರುಷನೂ ನಾನೇ. ಸಿಕ್ಕಿಬಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನನ್ನನ್ನು ಯಾರೂ ಹಿಡಿಯಲಿಲ್ಲ, ಅದೇ ಕಷ್ಟವಾದದ್ದು.

ಪ್ರಾಣಿಗಳನ್ನು ವಿಮಾನಕ್ಕೆ ಹತ್ತಿಸುವುದು ನನ್ನ ಕಸುಬು. ಹೆಚ್ಚಾಗಿ ನಾಯಿ, ಬೆಕ್ಕು, ಆಗಾಗ ರೇಸಿನ ಕುದುರೆ. ವರ್ಷಕ್ಕೊಂದೋ ಎರಡೋ ಬೇಟೆಹಕ್ಕಿ. ಬೇಟೆಹಕ್ಕಿ ಎಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಹದ್ದಾಗಲಿ ಡೇಗೆಯಾಗಲಿ ಗೂಬೆಯಾಗಲಿ, ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ಅದರ ಮೇಲೆ ಆಸ್ಟ್ರೇಲಿಯಾ ತನ್ನ ನೆಲದ ಹಕ್ಕಿಯನ್ನು ಜೀವಸಹಿತ ಮಾರಲು ಬಿಡುವುದೇ ಇಲ್ಲ. ಒಂದು ಮೃಗಾಲಯ ಇನ್ನೊಂದಕ್ಕೆ ಕೊಡಬಹುದು, ಅದೂ ನೂರೆಂಟು ಕಾಗದದ ನಂತರ. ಹೀಗಿರುವುದರಿಂದಲೇ ಡೇಗೆಯ ಮೊಟ್ಟೆಗಳನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ವಿಮಾನ ಹತ್ತುವವರೂ ಇದ್ದಾರೆ. ಅಂಥವನೊಬ್ಬ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ನಾನು ಕ್ಯಾಂಟೀನಿನಲ್ಲಿ ಪ್ರವಚನ ಕೊಡುತ್ತಿದ್ದೆ. ‘ಕಾಗದ ಶುದ್ಧವಾಗಿದ್ದರೆ ಕೈ ಶುದ್ಧ’ ಎಂಬುದು ಅದರ ಪಲ್ಲವಿ. ಕೇಳಿಸಿಕೊಂಡವರಿಗೆಲ್ಲ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ.

ಈ ಸಲದ ಹಕ್ಕಿ ಗರುಡ. ಕಾವ್ಯದ ಗರುಡನಲ್ಲ, ನಮ್ಮ ಊರಿನ ಕೆರೆಗಳ ಮೇಲೆ ಸುತ್ತುವ, ಬಿಳಿ ಕತ್ತಿನ, ಇಟ್ಟಿಗೆಬಣ್ಣದ ರೆಕ್ಕೆಯ ಸಾಕ್ಷಾತ್ ಗರುಡ. ಈ ದೇಶದ ಉತ್ತರದ ಕರಾವಳಿಯಲ್ಲೂ ಅದಿದೆ. ನಾನು ಹೇಳುತ್ತಿರುವುದು ಮೆಲ್ಬರ್ನಿನಿಂದ ಉತ್ತರಕ್ಕೆ ಒಂದು ಗಂಟೆ ದೂರದ ಪಕ್ಷಿಪಾರ್ಕಿನಲ್ಲಿ ಮೊಟ್ಟೆಯೊಡೆದು ಬೆಳೆದ ಹೆಣ್ಣು. ಆಗ್ನೇಯ ಏಷ್ಯಾದ ಒಂದು ಮೃಗಾಲಯದಲ್ಲಿ ಒಂಟಿ ಗಂಡೊಂದಿತ್ತು. ಅದಕ್ಕೆ ಜೋಡಿಯಾಗಿ ಇವಳನ್ನು ಕಳಿಸುವುದೆಂದು ತೀರ್ಮಾನ. ಒಂದು ರೀತಿಯಲ್ಲಿ ನಾನು ಮದುವೆ ದಲ್ಲಾಳಿ. ಸುಂಕದ ಕಾಗದದಲ್ಲಿ ಬೆಲೆಯ ಜಾಗ ಖಾಲಿ ಬಿಡುವಂತಿಲ್ಲವಾದ್ದರಿಂದ ಮಹಾವಿಷ್ಣುವಿನ ವಾಹನಕ್ಕೆ ಒಂದು ಡಾಲರ್ ಎಂದು ನಮೂದಿಸಿದೆ.

ಪರವಾನಗಿಗೆ ಎಂಟು ತಿಂಗಳು ಹಿಡಿಯಿತು. ಕಾಲುಂಗುರದ ಸಂಖ್ಯೆಯಲ್ಲಿ ಒಂದಂಕಿ ತಪ್ಪಿ ಕಾಗದ ಒಮ್ಮೆ ವಾಪಸ್ಸು ಬಂತು. ಇನ್ನೊಮ್ಮೆ ಆ ಕಡೆಯವರು ಹಕ್ಕಿಜ್ವರದ ಹೆದರಿಕೆಯಿಂದ ಬಾಗಿಲು ಹಾಕಿದರು. ಅವರು ಬಾಗಿಲು ತೆಗೆಯುವ ಹೊತ್ತಿಗೆ ಪರವಾನಗಿಯ ಅವಧಿ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಹಾಗಾಗಿ ಹಕ್ಕಿಯನ್ನು ನಾನೇ ಜೊತೆಗಿದ್ದು ತರುವುದೆಂದು ಸಿಡ್ನಿಯಿಂದ ಮೆಲ್ಬರ್ನಿಗೆ ಹೋದೆ. ಯೋಜನೆ ಸರಳ: ಬೆಳಿಗ್ಗೆ ಪಾರ್ಕಿನಿಂದ ವ್ಯಾನಿನಲ್ಲಿ ಮೆಲ್ಬರ್ನ್ ವಿಮಾನ ನಿಲ್ದಾಣ, ಅಲ್ಲಿಂದ ಸಿಡ್ನಿ, ಸಿಡ್ನಿಯಲ್ಲಿ ಪಶುವೈದ್ಯರ ಕೊನೆಯ ಪರೀಕ್ಷೆ, ಸಂಜೆಗೆ ಹೊರದೇಶದ ವಿಮಾನ.

ಹಕ್ಕಿಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಆ ಪಾರ್ಕಿನ ಪಾಲಕಿ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ವಯಸ್ಸು, ಎಡಗೈಗೆ ಮೊಣಕೈವರೆಗೆ ಚರ್ಮದ ಗವಸು, ಮಾತು ಕಮ್ಮಿ. ಹಕ್ಕಿಗೆ ಅವಳಿಟ್ಟ ಹೆಸರು ಜಿಂಜರ್. ಪೆಟ್ಟಿಗೆಯನ್ನು ಅವಳೇ ಮಾಡಿಸಿದ್ದಳು. ಪ್ಲೈವುಡ್ಡಿನ ಗೋಡೆ, ಕೆಳಭಾಗದಲ್ಲಿ ಗಾಳಿಗೆ ತೂತುಗಳು, ಕಾಲು ಜಾರದಂತೆ ಹುಲ್ಲುಹಾಸು ಸುತ್ತಿದ ಕೂರುಗೋಲು. ಮುಂಭಾಗಕ್ಕೆ ತಂತಿಬಲೆ, ಅದರ ಮೇಲೆ ಗೋಣಿಬಟ್ಟೆಯ ಪರದೆ. ಬಾಗಿಲಿಗೆ ನಂಬರಿನ ಸೀಲು ಬೀಳುತ್ತದೆ. ಪರದೆಗೆ ಬರೀ ಅಂಟುಪಟ್ಟಿ.

‘ಪರದೆ ಎತ್ತಬೇಡಿ’ ಎಂದಳು, ಅವಳ ಇಂಗ್ಲಿಷಿನಲ್ಲಿ. ‘ಕತ್ತಲಿದ್ದರೆ ಅವಳು ಸುಮ್ಮನಿರುತ್ತಾಳೆ. ಬೆಳಕು ಕಂಡರೆ ಹೊರಗೆ ದಾರಿಯಿದೆ ಅಂದುಕೊಳ್ಳುತ್ತಾಳೆ.’

‘ಇದು ನನಗೆ ಹೊಸದಲ್ಲ’ ಎಂದೆ, ಗಾಂಭೀರ್ಯದಿಂದ.

ಆ ರಾತ್ರಿ ಉಳಿದುಕೊಂಡದ್ದು ಪಾರ್ಕಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿರುವ ಕ್ರೇಗಿಬರ್ನಿನಲ್ಲಿ. ಓದಲು ಬಂದ ಕಾಲದಲ್ಲಿ ಸಿಡ್ನಿಯ ಗಿರಾವೀನಿನ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗ ಈಗ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್‌ನಲ್ಲಿ ಕೆಲಸ ಹಿಡಿದು, ಮಾರ್ಟ್‌ಗೇಜ್ ಹೊತ್ತು ಮನೆ ಕಟ್ಟಿಸಿದ್ದ. ಮರುದಿನ ಬೆಳಿಗ್ಗೆಯೇ ಗೃಹಪ್ರವೇಶ. ಕೆಲಸದ ನಿಮಿತ್ತ ನಿಲ್ಲಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಊಟಕ್ಕೆ ಕೂತಾಗ ಅವನು ಸುಮ್ಮನೆ ಕೇಳಿದ:

‘ನಾಳೆ ಕಾರ್ಗೊ ಏನ್ ಅಂಕಲ್? ನಾಯೀನಾ, ಬೆಕ್ಕಾ?’

ಇಲ್ಲಿ ನಾನು ‘ಹಕ್ಕಿ’ ಎಂದಿದ್ದರೆ ಈ ಕಥನವೇ ಇರುತ್ತಿರಲಿಲ್ಲ. ‘ಗರುಡ’ ಎಂದೆ. ಹಾಗೆನ್ನುವಾಗ ಸ್ವಲ್ಪ ತಡೆದು, ಎಲ್ಲರೂ ನನ್ನ ಕಡೆ ನೋಡುವಂತೆ ಹೇಳಿದೆ.

ಅವನ ಅತ್ತೆ, ಮೈಸೂರಿನಿಂದ ವಿಸಿಟರ್ ವೀಸಾದ ಮೇಲೆ ಬಂದಿದ್ದವರು, ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

‘ಯಾವ್ ಗರುಡ? ನಮ್ ಗರುಡಾನಾ? ಬಿಳೀ ಕತ್ತಿಂದು?’

‘ಅದೇ ಅಮ್ಮ.’

‘ಮುಟ್ಟಿದ್ರಾ?’

‘ಮುಟ್ಟೋ ಹಾಗಿಲ್ಲ. ಹೆಸರು ಜಿಂಜರ್ ಅಂತ.’

‘ಅಂದ್ರೆ?’

‘ಶುಂಠಿ ಅತ್ತೆ’ ಎಂದ ಅಳಿಯ.

‘ಶುಂಠೀನಾ! ದೇವ್ರ ವಾಹನಕ್ಕೆ ಶುಂಠಿ ಅಂತ ಹೆಸರಿಟ್ಟಿದ್ದಾರಾ? ಇವ್ರಿಗೆ ಬೇರೆ ಹೆಸರೇ ಸಿಗ್ಲಿಲ್ವಾ?’ ಎಂದವರು ಸೌಟು ಕೆಳಗಿಟ್ಟು ದನಿ ತಗ್ಗಿಸಿದರು. ‘ನೋಡಿ, ನಾನ್ ಬಂದು ನಾಲ್ಕು ತಿಂಗಳಾಯ್ತು. ಆಕಾಶ ನೋಡಿದ್ರೆ ಕಾಗೆ, ಇಲ್ಲಾ ಆ ಕಿರುಚೋ ಬಿಳೀ ಗಿಳಿ. ಗೃಹಪ್ರವೇಶದ ದಿನ ಗರುಡ ಕಂಡ್ರೆ ಅದಕ್ಕಿಂತ ಇನ್ನೇನ್ ಬೇಕು? ನೀವು ಹೇಗೂ ಇದೇ ದಾರೀಲಿ ಬರ್ತೀರಂತೆ. ಎರಡೇ ನಿಮಿಷ. ದೂರದಿಂದ ಕೈ ಮುಗೀತೀನಿ, ಅಷ್ಟೇ.’

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗರುಡ ಕಂಡರೆ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಕೈ ಮುಗಿದು ಎರಡೂ ಕೆನ್ನೆ ತಟ್ಟಿಕೊಳ್ಳಬೇಕು. ಸೈಕಲ್ ತುಳಿಯುತ್ತ ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿ ಮೋರಿಗೆ ಬಿದ್ದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬನ ಮೊಣಕಾಲಿನ ಕಲೆ ಈಗಲೂ ನನ್ನ ಮೊಣಕಾಲಿನ ಮೇಲೇ ಇದೆ.

‘ನೋಡೋಣ ಅಮ್ಮ’ ಎಂದೆ. ನಮ್ಮ ಫಾರಂನಲ್ಲಿ ‘ನೋಡೋಣ’ ಎನ್ನುವುದಕ್ಕೆ ಜಾಗವಿಲ್ಲ. ಇರಬಾರದೆಂದು ವಾದಿಸಿದವನೂ ನಾನೇ.

ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿದ್ದೆ. ಪಾಲಕಿ ಹಕ್ಕಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದಳು. ಹಿಂದಿನ ಸಂಜೆಯೇ ತಿನ್ನಿಸಿ ಮುಗಿದಿತ್ತು. ಪ್ರಯಾಣದಲ್ಲಿ ವಾಂತಿಯಾಗಬಾರದೆಂದು ಬೆಳಿಗ್ಗೆ ಏನೂ ಕೊಡುವುದಿಲ್ಲ. ಪಾರ್ಕಿನ ವೈದ್ಯರು ಕಾಲುಂಗುರ ಓದಿ, ಚರ್ಮದೊಳಗಿನ ಮೈಕ್ರೋಚಿಪ್‌ನ ಮೇಲೆ ಯಂತ್ರ ಆಡಿಸಿ ಸಂಖ್ಯೆ ತಾಳೆ ನೋಡಿದರು. ಹಕ್ಕಿ ತಾನಾಗಿಯೇ ಪೆಟ್ಟಿಗೆಯೊಳಗೆ ನಡೆದು ಹೋಗಿ ಕೂರುಗೋಲು ಹತ್ತಿತು. ಅದಕ್ಕಾಗಿ ಪಾಲಕಿ ಮೂರು ತಿಂಗಳು ದಿನಾ ಅಭ್ಯಾಸ ಮಾಡಿಸಿದ್ದಳಂತೆ. ಸೀಲು ಬಿತ್ತು. ಅವಳು ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಕ್ಷಣ ಅಂಗೈಯಿಟ್ಟು, ‘ಕರೆದುಕೊಂಡು ಹೋಗುತ್ತಿರುವುದು ನೀವಾದ್ದರಿಂದ ನನಗೆ ಚಿಂತೆಯಿಲ್ಲ’ ಎಂದಳು.

ಕ್ರೇಗಿಬರ್ನಿನ ಎಕ್ಸಿಟ್ ಬಂದಾಗ ಗಡಿಯಾರದಲ್ಲಿ ಎಂಟೂಕಾಲು. ಸರಕು ಒಪ್ಪಿಸಲು ಹತ್ತರವರೆಗೆ ಸಮಯವಿತ್ತು. ಈ ಹಕ್ಕಿ ದಿನಾ ಪ್ರೇಕ್ಷಕರ ಮುಂದೆ ಹಾರಿ ತೋರಿಸಿದ್ದು, ಜನ ಇದಕ್ಕೆ ಹೊಸದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಂಡಿಕೇಟರ್ ಹಾಕಿದ್ದು ಕೈಯೋ ಮನಸ್ಸೋ ಎಂಬ ವೇದಾಂತ ಬೇಡ. ನಾನೇ ಹಾಕಿದೆ.

ಅಲ್ಲಿ ಗಣಹೋಮ ನಡೆಯುತ್ತಿತ್ತು. ಒಳಗೆ ಮಾಡಿದರೆ ಸ್ಮೋಕ್ ಅಲಾರ್ಮ್ ಹೊಡೆದುಕೊಳ್ಳುತ್ತದೆಂದು ಈ ದೇಶದಲ್ಲಿ ನಮ್ಮವರು ಹೋಮವನ್ನು ಗ್ಯಾರೇಜಿನಲ್ಲಿ ಮಾಡುವುದು ರೂಢಿ. ಬೀದಿಯುದ್ದಕ್ಕೂ ಕಾರು. ಡ್ರೈವ್‌ವೇಯಲ್ಲಿ ಮಾತ್ರ ನನಗೆಂದು ಜಾಗ ಬಿಟ್ಟಿದ್ದರು. ಹಿಮ್ಮುಖವಾಗಿ ವ್ಯಾನ್ ತಂದು ನಿಲ್ಲಿಸಿದಾಗ ಅದರ ಹಿಂಬಾಗಿಲು ಗ್ಯಾರೇಜಿನ ಬಾಯಿಗೆ ಸರಿಯಾಗಿ ಬಂತು. ಎಷ್ಟು ಅನುಕೂಲ ಎಂದುಕೊಂಡೆ. ಹೊಗೆಗೂ ಅನುಕೂಲವೆಂದು ಹೊಳೆಯಲಿಲ್ಲ. ಹಕ್ಕಿಯ ಉಸಿರಾಟ ನಮ್ಮದರಂತಲ್ಲ, ಹೊಗೆ ಅದರ ಮೈಯೊಳಗೆಲ್ಲ ಹೊಕ್ಕುಬಿಡುತ್ತದೆ ಎಂದು ವರ್ಷಕ್ಕೊಮ್ಮೆ ಹೊಸಬರಿಗೆ ತರಬೇತಿ ಕೊಡುವವನಿಗೆ ಹೊಳೆಯಲಿಲ್ಲ.

ಅಮ್ಮ ಬಂದರು. ರೇಷ್ಮೆ ಸೀರೆ, ಕೈ ಆಗಲೇ ಮುಗಿದಿತ್ತು. ನಾನು ಗೋಣಿಪರದೆಯ ಒಂದು ಮೂಲೆಯನ್ನು ನಾಲ್ಕು ಬೆರಳಿನಷ್ಟು ಎತ್ತಿದೆ. ಒಳಗೆ ಮಬ್ಬಿನಲ್ಲಿ ಬಿಳಿಯ ಎದೆ, ಒಂದು ಕಣ್ಣು. ಹಕ್ಕಿ ಅಲುಗಲಿಲ್ಲ. ಅಮ್ಮ ಕೆನ್ನೆ ತಟ್ಟಿಕೊಂಡರು, ಅವರ ಕಣ್ಣಲ್ಲಿ ನೀರು ಬಂತು. ‘ಸಾಕು, ಜನ್ಮ ಸಾರ್ಥಕ’ ಎಂದರು. ಅರ್ಧ ನಿಮಿಷ. ಪರದೆ ಇಳಿಸಿದೆ. ಅಲ್ಲಿಗೇ ಬಾಗಿಲು ಹಾಕಿ ಹೊರಟಿದ್ದರೆ?

‘ಅಂಕಲ್, ಒಂದ್ ಲೋಟ ಕಾಫಿ ಆದ್ರೂ ಕುಡೀರಿ. ಬರಿ ಬಾಯಲ್ಲಿ ಹೋಗ್ಬಾರ್ದು ಇವತ್ತು’ ಎಂದ ಮನೆಯ ಯಜಮಾನ.

ಸ್ಟೀಲಿನ ಲೋಟ ಕೈಗೆ ಬಂತು. ಪುರೋಹಿತರು, ವಾರದ ದಿನಗಳಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಗರುಡದರ್ಶನದ ಫಲ ಹೇಳತೊಡಗಿದರು. ಅವರು ಹೇಳಿದ್ದರಲ್ಲಿ ನನ್ನ ಪ್ರಶಂಸೆಯೂ ಸ್ವಲ್ಪ ಬೆರೆತಿತ್ತು. ಆದ್ದರಿಂದ ಪೂರ್ತಿ ಕೇಳಿದೆ. ವ್ಯಾನಿಗೆ ಬೆನ್ನು ಹಾಕಿ ನಿಂತಿದ್ದೆ. ಹಿಂದೆ ಸಾಲು ನಿಂತದ್ದು ನನಗೆ ಗೊತ್ತಾಗಲಿಲ್ಲ. ಹೀಗೆಂದು ಬಹಳ ದಿನ ಎಲ್ಲರಿಗೂ ಹೇಳಿದೆ. ಗೊತ್ತಾಗಿತ್ತು. ‘ಒಬ್ಬೊಬ್ರೇ ಬನ್ನಿ, ತಳ್ಬೇಡಿ’ ಎಂದು ಯಾರೋ ಅನ್ನುತ್ತಿದ್ದುದು ಕಿವಿಗೆ ಬಿದ್ದಿತ್ತು. ತಿರುಗಿದರೆ ಬೇಡ ಎನ್ನಬೇಕಾಗುತ್ತದೆ ಎಂದು ತಿರುಗಲಿಲ್ಲ.

ಗಂಟೆ ಬಾರಿಸಿದರು. ಮಂಗಳಾರತಿ. ಆಮೇಲೆ ‘ದಬ್’ ಎಂದು ಒಂದು ಸದ್ದು, ಅದರ ಹಿಂದೆಯೇ ಪ್ಲೈವುಡ್ಡಿನ ಮೇಲೆ ಕೋಲಾಟದಂತೆ ನಾಲ್ಕಾರು. ಓಡಿದೆ. ಪರದೆ ಪೂರ್ತಿ ಮೇಲಿತ್ತು, ಕರ್ಪೂರ ಉರಿಯುವ ತಟ್ಟೆ ಬಲೆಯಿಂದ ಮೊಳದೂರದಲ್ಲಿತ್ತು, ಐದಾರು ಫೋನು ಎದ್ದಿದ್ದವು. ಕಿತ್ತೆಳೆದಂತೆ ಪರದೆ ಇಳಿಸಿದೆ.

‘ರೆಕ್ಕೆ ಬಿಚ್ಚಿ ಆಶೀರ್ವಾದ ಮಾಡ್ತು ಅಂಕಲ್! ಎಲ್ರೂ ನೋಡಿದ್ವಿ!’ ಎಂದಿತು ಗುಂಪಿನಿಂದ ಒಂದು ದನಿ.

ಸಂದಿನಿಂದ ಇಣುಕಿದೆ. ಹಕ್ಕಿ ಕೂರುಗೋಲಿನ ಮೇಲೆ ಮರಳಿ ಕೂತಿತ್ತು. ಸರಿಯಾಗಿದೆ ಎಂದು ನನಗೆ ಕಂಡಿತು, ಯಾಕೆಂದರೆ ಹಾಗೆ ಕಾಣಬೇಕಾಗಿತ್ತು. ಗಡಿಯಾರ ನೋಡಿದೆ. ಒಟ್ಟು ಇಪ್ಪತ್ತೆರಡು ನಿಮಿಷ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಫಾರಂ ತುಂಬಿದೆ. ಸೀಲು: ಭದ್ರ. ನಿಜ, ಬಾಗಿಲಿನ ಸೀಲನ್ನು ಯಾರೂ ಮುಟ್ಟಿರಲಿಲ್ಲ. ನಿಲುಗಡೆ: ಇಲ್ಲ. ಸಹಿ ಹಾಕುವಾಗ ಕೈ ನಡುಗಿತು ಎಂದು ಬರೆದರೆ ನನಗೆ ಗೌರವ. ನಡುಗಲಿಲ್ಲ. ಅಕ್ಷರಗಳು ಎಂದಿನಂತೆ ದುಂಡಗಿದ್ದವು.

ಸಿಡ್ನಿಯ ನಮ್ಮ ಸರಕಿನ ಶೆಡ್ಡಿನಲ್ಲಿ ಮಧ್ಯಾಹ್ನ ಪಶುವೈದ್ಯರು ಸೀಲು ಕತ್ತರಿಸಿ, ಬೆಳಕು ತಗ್ಗಿಸಿದ ಕೋಣೆಯಲ್ಲಿ ಹಕ್ಕಿಯನ್ನು ಟವಲಿನಲ್ಲಿ ಸುತ್ತಿ ಹೊರತೆಗೆದರು. ಬಾಲದ ಎರಡು ಗರಿ ನಡುವಿನಲ್ಲೇ ಮುರಿದು ಜೋತಿದ್ದವು. ಕೊಕ್ಕಿನ ಬುಡದ ಮೆದು ಚರ್ಮದಲ್ಲಿ ಒಣಗಿದ ರಕ್ತ. ಕೊಕ್ಕು ಸ್ವಲ್ಪ ತೆರೆದಿತ್ತು.

‘ದಾರಿಯಲ್ಲಿ ಏನಾದರೂ?’ ಎಂದು ವೈದ್ಯರು ನನ್ನ ಫಾರಂ ತಿರುವಿದರು. ಅವರೇ ಉತ್ತರ ಓದಿಕೊಂಡರು. ‘ನಿಲುಗಡೆ ಇಲ್ಲ. ನಿಮ್ಮ ಕಾಗದವೆಂದರೆ ನಂಬಬಹುದು. ಹಾಗಾದರೆ ಪೆಟ್ಟಿಗೆಯ ದೋಷ. ಮುಂದಕ್ಕೆ ತಂತಿಬಲೆ ಯಾಕೆ ಹಾಕಿದರು? ಮರದ ಪಟ್ಟಿ ಹಾಕಬೇಕಿತ್ತು.’

ಅವರು ಪಾಲಕಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ವಿಷಯ ಹೇಳಿದರು.

‘ಬಲೆ ನಾನೇ ಆರಿಸಿದ್ದು’ ಎಂದಳು. ‘ಗಾಳಿ ಚೆನ್ನಾಗಿ ಆಡಲಿ ಅಂತ. ತಪ್ಪು ನನ್ನದೇ.’ ಆಮೇಲೆ, ‘ಅವರು ಅಲ್ಲಿದ್ದಾರಾ? ಸಾರಿ ಎಂದು ಹೇಳಿ. ಅಷ್ಟು ಜೋಪಾನವಾಗಿ ತಂದವರಿಗೆ ನನ್ನಿಂದ ಕೆಟ್ಟ ಹೆಸರು ಬಂತು.’

ನಾನು ಅಲ್ಲೇ, ಫೋನಿನಿಂದ ಎರಡಡಿ ದೂರದಲ್ಲಿದ್ದೆ. ‘ಪರವಾಗಿಲ್ಲ’ ಎಂದೆ. ಈ ಎಪಿಸೋಡಿನಲ್ಲಿ ನಾನು ಆಡಿದ ಅತ್ಯಂತ ನೀಚ ಮಾತು ಅದು. ಫಾರಂನ ಸುಳ್ಳು ಅದರ ಮುಂದೆ ಸಾಧು.

ವೈದ್ಯರು ವರದಿ ಬರೆಯಲು ಕೂತರು. ಗರಿ ಮುರಿದ ಮಾತ್ರಕ್ಕೆ ಪ್ರಯಾಣ ನಿಲ್ಲಿಸಬೇಕಿಲ್ಲ, ಬಾಯಿ ತೆರೆದಿರುವುದು ಗಾಬರಿಗಿರಬಹುದು, ಒಂದು ಗಂಟೆ ಕತ್ತಲಲ್ಲಿಟ್ಟು ನೋಡಿ ಸಹಿ ಹಾಕುತ್ತೇನೆ ಎಂದರು. ನಾನು ಹೊರಗೆ ಬಂದೆ.

ಆಗಲೇ ಫೋನಿಗೆ ವಾಟ್ಸ್‌ಆ್ಯಪ್ ಬಂತು. ಕ್ರೇಗಿಬರ್ನಿನಿಂದ ಒಂದು ಫೋಟೋ, ಕೆಳಗೆ ಏಳು ಕೈಮುಗಿದ ಗುರುತು. ನಮ್ಮ ಶೆಡ್ಡಿನ ಸೂಪರ್‌ವೈಸರ್ ಪಕ್ಕದಲ್ಲಿದ್ದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ನನ್ನ ಪ್ರವಚನಗಳಿಗೆ ತಪ್ಪದೆ ಬಲಿಯಾಗುತ್ತಿದ್ದವರು. ಭುಜದ ಮೇಲಿಂದ ನೋಡಿದರು.

‘ಎಂತ ಮಾರಾಯ್ರೆ ಇದು?’

‘ಆಶೀರ್ವಾದವಂತೆ.’

‘ಆಶೀರ್ವಾದವಾ? ನನ್ನ ಹೆಂಡತಿ ಜಿರಳೆ ಕಂಡ್ರೆ ಮಾಡುವ ಮುಖ ಇದು.’ ಫೋನ್ ತೆಗೆದುಕೊಂಡು ಚಿತ್ರ ದೊಡ್ಡದು ಮಾಡಿದರು. ಬಲೆಗೆ ಒತ್ತಿ ಹರಡಿದ ರೆಕ್ಕೆ, ಅಗಲ ತೆರೆದ ಕೊಕ್ಕು, ಬಲೆಯೊಳಗೆ ಸಿಕ್ಕಿ ಬಾಗಿದ ಬಾಲದ ಗರಿ. ಸುತ್ತ ಬೂದುಬಣ್ಣದ ಹೊಗೆ. ಪಕ್ಕದಿಂದ ಓರೆಯಾಗಿ ತೆಗೆದ ಚಿತ್ರದ ಎಡತುದಿಯಲ್ಲಿ ಒಂದು ಬೆನ್ನು, ಪಕ್ಕಕ್ಕೆ ಚಾಚಿದ ಕೈಯಲ್ಲಿ ಸ್ಟೀಲಿನ ಲೋಟ. ‘ಈ ಲೋಟ ಹಿಡ್ಕೊಂಡು ನಿಂತದ್ದು ನೀವಾ?’

‘ಹೌದು.’

‘ಫಾರಂನಲ್ಲಿ ಎಂತ ಬರ್ದದ್ದು?’

‘ಇಲ್ಲ ಅಂತ.’

ಅವರು ನಗಲಿಲ್ಲ, ಬೈಯಲೂ ಇಲ್ಲ. ಫೋನ್ ವಾಪಸ್ಸು ಕೊಟ್ಟರು. ‘ನಮ್ಮಲ್ಲಾದ್ರೆ ಪಾದ್ರಿ ಹತ್ರ ಹೋಗಿ ಹೇಳಿ ಬರ್ಬಹುದು. ನಿಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ನಿಮಗೆ ಡಾಕ್ಟ್ರೇ ಗತಿ. ಅವ್ರು ಸಹಿ ಹಾಕುವ ಮೊದ್ಲು ಹೋಗಿ ಮಾರಾಯ್ರೆ.’

ತಕ್ಷಣ ಹೋದೆನೆಂದು ಬರೆಯಲಾರೆ. ನಲವತ್ತು ನಿಮಿಷ ಹೋಗಲಿಲ್ಲ. ಎಂಟು ತಿಂಗಳ ಶ್ರಮ ನೀರುಪಾಲಾಗುತ್ತದೆ ಎಂದುಕೊಂಡೆ. ಆ ಒಂಟಿ ಗಂಡು ಹಕ್ಕಿಯ ಪರವಾಗಿ ಸ್ವಲ್ಪ ಕಣ್ಣೀರು ಹಾಕಿಕೊಂಡೆ, ಮನಸ್ಸಿನಲ್ಲೇ. ಪಾಲಕಿಗೆ ಆಗುವುದೇನು, ಒಂದು ಎಚ್ಚರಿಕೆಯ ಪತ್ರ ತಾನೆ ಎಂದೂ ಲೆಕ್ಕ ಹಾಕಿದೆ. ಬೆಳಿಗ್ಗೆ ಮೂರು ತಿಂಗಳ ಅಭ್ಯಾಸದ ಕಥೆ ಕೇಳಿದ್ದವನು ಹೀಗೆ ಲೆಕ್ಕ ಹಾಕಿದೆ. ಕೊನೆಗೆ ಎಬ್ಬಿಸಿದ್ದು ಆತ್ಮಸಾಕ್ಷಿಯಲ್ಲ, ಹೊಗೆ. ಫೋಟೋದಲ್ಲಿ ಹೊಗೆ ಅಷ್ಟು ದಟ್ಟವಾಗಿತ್ತು. ಬಾಯಿ ತೆರೆದಿರುವುದು ಗಾಬರಿಗಲ್ಲದಿದ್ದರೆ? ಎಂಟು ಗಂಟೆಯ ಹಾರಾಟ, ವಿಮಾನದ ಹೊಟ್ಟೆಯಲ್ಲಿ ಒಂಟಿಯಾಗಿ. ಆ ಪೆಟ್ಟಿಗೆ ಅತ್ತ ತೆರೆದಾಗ ಏನು ಕಾಣಬಹುದು ಎಂಬುದನ್ನು ನನ್ನ ಕಸುಬಿನವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಳಗೆ ಹೋಗಿ ಫೋನನ್ನು ವೈದ್ಯರ ಕಾಗದದ ಮೇಲಿಟ್ಟೆ. ಅವರ ಪೆನ್ನಿನ ಕ್ಯಾಪು ತೆಗೆದಾಗಿತ್ತು.

ಅವರು ಚಿತ್ರ ನೋಡಿದರು. ‘ಇದು ಹೊಗೆಯೇ?’

‘ಹೌದು.’

‘ಯಾವುದರದು?’

‘ಕಟ್ಟಿಗೆ, ತುಪ್ಪ, ಕರ್ಪೂರ.’ ಅವರು ಒಂದೊಂದನ್ನೂ ಬರೆದುಕೊಂಡರು. ಕರ್ಪೂರದ ಇಂಗ್ಲಿಷ್ ಸ್ಪೆಲಿಂಗನ್ನು ಕೇಳಿದರು. ಗಣಹೋಮ ಈ ದೇಶದ ಪಶುವೈದ್ಯ ದಾಖಲೆಯನ್ನು ಪ್ರವೇಶಿಸಿದ್ದು ಹೀಗೆ. ಅವರು ಸಿಟ್ಟಾಗಲಿಲ್ಲ. ಆಮ್ಲಜನಕದ ಪೆಟ್ಟಿಗೆ ತರಲು ಕೂಗಿ, ಆಸ್ಪತ್ರೆಗೆ ಫೋನ್ ಮಾಡಿ, ಎಲ್ಲ ಮುಗಿದ ಮೇಲೆ ನನ್ನ ಫಾರಂ ನನ್ನ ಕಡೆಗೆ ತಳ್ಳಿದರು. ‘ತಿದ್ದಿ’ ಎಂದರು, ಅಷ್ಟೆ.

‘ಇಲ್ಲ’ ಎಂಬುದನ್ನು ಹೊಡೆದು ಹಾಕಿದೆ. ಸ್ಥಳ: ಕ್ರೇಗಿಬರ್ನ್. ಹೊತ್ತು: ಇಪ್ಪತ್ತೆರಡು ನಿಮಿಷ. ಮುಂದೆ ‘ಕಾರಣ’. ಗೃಹಪ್ರವೇಶ ಎನ್ನಲೇ, ದರ್ಶನ ಎನ್ನಲೇ, ಒಬ್ಬ ಹಿರಿಯಾಕೆಯ ಆಸೆ ಎನ್ನಲೇ? ಆಕೆ ಕೇಳಿದ್ದು ಎರಡು ನಿಮಿಷ, ಅದು ಅರ್ಧ ನಿಮಿಷದಲ್ಲಿ ಮುಗಿದಿತ್ತು. ‘ನಾನು’ ಎಂದು ಬರೆದೆ. ಆಮೇಲೆ ಪಾಲಕಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ ಫೋನ್ ಇಟ್ಟಳು.

ವಿಮಾನ ಹಕ್ಕಿಯಿಲ್ಲದೆ ಹೋಯಿತು. ಆ ರಾತ್ರಿಯೇ ಹಕ್ಕಿಯ ಉಸಿರು ಕೆಟ್ಟಿತು, ಐದು ದಿನ ಆಮ್ಲಜನಕದಲ್ಲಿತ್ತು. ಪ್ರಯಾಣಕ್ಕೆ ಯೋಗ್ಯ ಎಂದು ಯಾರೂ ಬರೆದುಕೊಡುವ ಮೊದಲೇ ಪರವಾನಗಿಯ ಅವಧಿ ತೀರಿತು. ಆ ಮೃಗಾಲಯದವರು ಇನ್ನೊಂದು ವರ್ಷ ಕಾಯದೆ ಬೇರೆ ಕಡೆಯಿಂದ ಜೋಡಿ ತರಿಸಿಕೊಂಡರು. ಹೆಡ್ ಆಫೀಸಿನವರು ನನ್ನನ್ನು ಜೀವವಿರುವ ಸರಕಿನಿಂದ ಎತ್ತಿ ಯಂತ್ರದ ಬಿಡಿಭಾಗಗಳ ವಿಭಾಗಕ್ಕೆ ಹಾಕಿದರು. ಬಿಡಿಭಾಗಗಳು ಹೆದರುವುದಿಲ್ಲ.

ಪಾಲಕಿ ಹಕ್ಕಿಯನ್ನು ತಾನೇ ವಾಪಸ್ಸು ಒಯ್ಯಲು ಸಿಡ್ನಿಗೆ ಬಂದಳು. ಆಸ್ಪತ್ರೆಗೆ ನಾನೂ ಹೋದೆ, ಯಾರೂ ಕರೆಯದೆ. ಅವಳು ಒಂದು ಲಕೋಟೆಯಿಂದ ಎರಡು ಹಳೆಯ ಗರಿ ತೆಗೆದಳು. ಹಿಂದಿನ ವರ್ಷ ಇದೇ ಹಕ್ಕಿ ಉದುರಿಸಿದ ಬಾಲದ ಗರಿಗಳು. ಎಲ್ಲವನ್ನೂ ಅವಳು ಕೂಡಿಟ್ಟಿದ್ದಳು. ಮುರಿದ ಗರಿಯ ಬುಡದ ಟೊಳ್ಳಿಗೆ ಬಿದಿರಿನ ಕಡ್ಡಿ ಕೂರಿಸಿ, ಅಂಟು ಹಾಕಿ, ಹಳೆಯ ಗರಿಯನ್ನು ಅದರ ಮೇಲೆ ಏರಿಸಿ ನೇರ ಮಾಡುವುದು. ಕೈಯ ಅಳತೆಯಲ್ಲಿ ಕೂದಲಷ್ಟೂ ತಪ್ಪಬಾರದು. ನನಗೆ ಅಂಟಿನ ಬಾಟಲಿ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು.

‘ಯಾಕೆ?’ ಎಂದಳು, ತಲೆಯೆತ್ತದೆ.

ಹೇಳಿದೆ. ಕೆನ್ನೆ ತಟ್ಟಿಕೊಳ್ಳುವುದು, ಸೈಕಲ್ಲು, ಮೋರಿ, ವಿಷ್ಣು, ಎಲ್ಲ.

‘ಅಂದರೆ ದೇವರನ್ನು ಹೊರುವುದು ಇವಳ ಕೆಲಸ’ ಎಂದಳು.

‘ಹೌದು.’

‘ಇವಳನ್ನು ಹೊರುವುದು ನಿಮ್ಮ ಕೆಲಸವಾಗಿತ್ತು.’ ಬಾಟಲಿಗೆ ಕೈ ಚಾಚಿದಳು. ಕೊಟ್ಟೆ.

ಮೊನ್ನೆ ಕ್ರೇಗಿಬರ್ನಿನ ಮನೆಗೆ ಒಂದು ವರ್ಷ ತುಂಬಿತು. ಸತ್ಯನಾರಾಯಣ ಪೂಜೆಗೆ ಬರಲೇಬೇಕೆಂದು ಅವನು ಮೂರು ಸಲ ಫೋನ್ ಮಾಡಿದ. ಅವನ ಅತ್ತೆಯೂ ಮತ್ತೆ ಬಂದಿದ್ದರು. ಬೆಡ್‌ಶೀಟ್ ಇಡುವ ಕಪಾಟನ್ನು ದೇವರ ಮನೆ ಮಾಡಿದ್ದಾರೆ. ಬಾಗಿಲು ತೆರೆದರೆ ಲಕ್ಷ್ಮಿ, ವೆಂಕಟೇಶ್ವರ, ರಾಯರು, ಅವರ ನಡುವೆ ಚಿನ್ನದ ಅಂಚಿನ ಚೌಕಟ್ಟಿನಲ್ಲಿ ಆ ಫೋಟೋ. ಗಾಜಿನ ಮೇಲೆ ಎರಡು ಕುಂಕುಮದ ಬೊಟ್ಟು. ಒಂದು ಹಕ್ಕಿಯ ಎದೆಗೆ. ಇನ್ನೊಂದು ಎಡತುದಿಯ ಬೆನ್ನಿಗೆ.

‘ಅಳಿಯ ಕ್ರಾಪ್ ಮಾಡ್ತೀನಿ ಅಂದ’ ಎಂದರು ಅಮ್ಮ. ‘ನಾನೇ ಬೇಡ ಅಂದೆ. ಗರುಡನ್ನ ನಮ್ಮನೆ ಬಾಗ್ಲಿಗೆ ತಂದ ಪುಣ್ಯಾತ್ಮರು, ಇರ್ಲಿ ಅಂದೆ.’

‘ಅಮ್ಮ, ಆ ಹಕ್ಕಿ ಆಮೇಲೆ ಹೋಗ್ಲೇ ಇಲ್ಲ. ಇಲ್ಲೇ ಉಳೀತು’ ಎಂದೆ. ಅಲ್ಲಿಂದ ಶುರುಮಾಡಿ ಉಳಿದದ್ದನ್ನು ಹೇಳುವುದೆಂದು ವಿಮಾನದಲ್ಲಿ ಕೂತು ಗಟ್ಟಿಮಾಡಿಕೊಂಡಿದ್ದೆ.

‘ನೋಡಿದ್ರಾ! ನಮ್ಮನೆ ಬಿಟ್ಟು ಹೋಗೋಕೆ ಮನಸ್ಸೇ ಬರ್ಲಿಲ್ಲ ಅದಕ್ಕೆ’ ಎಂದು ಅವರು ಕೆನ್ನೆ ತಟ್ಟಿಕೊಂಡರು. ಮಂಗಳಾರತಿ ಹೊತ್ತಿತು. ತಟ್ಟೆ ಎಲ್ಲ ದೇವರ ಮುಂದೆ ಸುತ್ತಿ, ತೆರೆದ ಕೊಕ್ಕಿನ ಮುಂದೆ ಸುತ್ತಿ, ನನ್ನ ಬೆನ್ನಿನ ಮುಂದೆಯೂ ಸುತ್ತಿ ನನ್ನೆದುರು ಬಂತು. ‘ತಗೊಳ್ಳಿ’ ಎಂದರು. ತೆಗೆದುಕೊಂಡೆ.

ಅಮ್ಮ ಕನ್ನಡದಲ್ಲಿ ಅಚ್ಚಾದ ಯಾವುದನ್ನೂ ಬಿಡುವುದಿಲ್ಲ, ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುತ್ತಾರೆ ಎಂದು ಅಳಿಯ ಹೇಳಿದ್ದ. ಅದಕ್ಕೆ ಇದನ್ನು ಇಲ್ಲಿ ಬರೆದೆ. ಅಮ್ಮ, ಅದು ರೆಕ್ಕೆ ಬಿಚ್ಚಿದ್ದು ಆಶೀರ್ವಾದಕ್ಕಲ್ಲ, ತಪ್ಪಿಸಿಕೊಳ್ಳಲು. ನಿಮ್ಮ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಫೋಟೋ ಇಡುವುದೂ ತೆಗೆಯುವುದೂ ನಿಮ್ಮ ಇಷ್ಟ. ಹಕ್ಕಿಯ ಎದೆಯ ಕುಂಕುಮ ಇರಲಿ. ನನ್ನ ಬೆನ್ನ ಮೇಲಿನದನ್ನು ಮಾತ್ರ ಒರೆಸಿಬಿಡಿ.